ಚಾಚಿದ ತೋಳಿನ ಲೆಕ್ಕ

ಮುಂಬಯಿಯ ಮುಲುಂಡಿನ ಕನ್ನಡಿಗರ ಅಡುಗೆಮನೆಗಳಲ್ಲಿ ಎರಡು ಮೋಟಾರುಗಳು ಅಕ್ಕಪಕ್ಕ ಕೂತಿರುವುದು ಸಾಮಾನ್ಯ. ಚಟ್ನಿಗೆ ಮಿಕ್ಸಿ, ಇಡ್ಲಿ ಹಿಟ್ಟಿಗೆ ಗ್ರೈಂಡರ್. ಮಿಕ್ಸಿಗೆ ಅಂಟಿಸಿದ ಚೀಟಿಯಲ್ಲಿ 750 ವಾಟ್ ಎಂದಿದ್ದರೆ ಗ್ರೈಂಡರಿನದರಲ್ಲಿ 150 ವಾಟ್ ಎಂದಿರುತ್ತದೆ. ಚೀಟಿಯನ್ನು ನಂಬಿದರೆ ಮಿಕ್ಸಿ ಐದು ಪಟ್ಟು ಬಲಶಾಲಿ. ಆದರೆ ಉದ್ದಿನ ಗಟ್ಟಿ ಹಿಟ್ಟಿನಲ್ಲಿ ಕಲ್ಲುಗಳನ್ನು ಹೊತ್ತುಕೊಂಡು ಅರ್ಧ ಗಂಟೆ ಒಂದೇ ಸಮನೆ ತಿರುಗುವುದು ಗ್ರೈಂಡರು. ಅದೇ ಹಿಟ್ಟು ಮಿಕ್ಸಿಯ ಜಾರಿನಲ್ಲಿ ತುಸು ಗಟ್ಟಿಯಾದರೂ ಬ್ಲೇಡು ಏದುತ್ತದೆ, ಮೋಟಾರು ಬಿಸಿಯಾಗಿ ನಿಲ್ಲುತ್ತದೆ. ಚೀಟಿ ಸುಳ್ಳು ಹೇಳಿಲ್ಲ, ನಾವು ಅದಕ್ಕೆ ಕೇಳಿದ ಪ್ರಶ್ನೆ ತಪ್ಪು. ಮಿಕ್ಸಿ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ, ಗ್ರೈಂಡರಿನ ಪಾತ್ರೆ ಸುಮಾರು 140 ಸುತ್ತು. ವಾಟ್ ಎನ್ನುವುದು ತಿರುಗಿಸುವ ಬಲ ಮತ್ತು ತಿರುಗುವ ವೇಗ ಇವೆರಡರ ಗುಣಲಬ್ಧ. ವಾಟನ್ನು ವೇಗದಿಂದ ಭಾಗಿಸಿದರೆ ಮಿಕ್ಸಿಯ ಪಾಲಿಗೆ ಸುಮಾರು 0.4 ನ್ಯೂಟನ್-ಮೀಟರ್ ಬರುತ್ತದೆ, ಗ್ರೈಂಡರಿನ ಪಾಲಿಗೆ ಸುಮಾರು 10. ಚೀಟಿಯ ವಾಟ್ ಮೋಟಾರು ಕುಡಿಯುವ ವಿದ್ಯುತ್ತಿನ ಲೆಕ್ಕವಾದ್ದರಿಂದ ಅಕ್ಷಕ್ಕೆ ದಕ್ಕುವುದು ಇದಕ್ಕಿಂತ ಕಡಿಮೆ. ಎರಡನ್ನೂ ಮೇಲುಮಿತಿ ಎಂದುಕೊಳ್ಳೋಣ. ಆದರೂ ವಾಟಿನಲ್ಲಿ ಐದನೇ ಒಂದು ಪಾಲಿರುವ ಯಂತ್ರ ತಿರುಗಿಸುವ ಬಲದಲ್ಲಿ ಇಪ್ಪತ್ತೈದು ಪಟ್ಟು ಮೇಲು ಎಂಬುದು ಬದಲಾಗುವುದಿಲ್ಲ. ಆ ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು. ಯಂತ್ರದ ತೋಳೊಂದನ್ನು ಕಟ್ಟಹೊರಟವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಈ ವಾಟ್ ಮತ್ತು ಟಾರ್ಕ್‌ಗಳದ್ದು.

ಗಂಟು ಬಿದ್ದದ್ದಕ್ಕೆ ಕಾರಣವಿದೆ. ನಮ್ಮ ಊರುಗಳಲ್ಲಿ ಮೋಟಾರು ಎಂದೊಡನೆ ಕಣ್ಣಿಗೆ ಬರುವುದು ತೋಟದ ಪಂಪ್‌ಸೆಟ್. ಮೂರು ಎಚ್‌ಪಿಯೋ ಐದು ಎಚ್‌ಪಿಯೋ ಎಂದು ಕೇಳಿಯೇ ಅದನ್ನು ಕೊಳ್ಳುತ್ತೇವೆ. ಒಂದು ಎಚ್‌ಪಿ ಎಂದರೆ 746 ವಾಟ್. ಪಂಪಿನ ಮಟ್ಟಿಗೆ ಈ ಪ್ರಶ್ನೆ ಸರಿಯಾದದ್ದೇ. ಅದು ಒಮ್ಮೆ ಚಾಲೂ ಆದರೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಹೊರೆಯನ್ನು ಎಳೆಯುತ್ತದೆ. ವೇಗ ಬದಲಾಗದ ಕಡೆ ವಾಟ್ ಹೇಳಿದರೆ ಟಾರ್ಕ್ ಹೇಳಿದಂತೆಯೇ. ಯಂತ್ರದ ತೋಳಿನ ಬದುಕು ಬೇರೆ. ಅದು ಏಳುತ್ತದೆ, ಇಳಿಯುತ್ತದೆ, ತಟ್ಟನೆ ನಿಲ್ಲುತ್ತದೆ, ಹಿಂದಕ್ಕೆ ತಿರುಗುತ್ತದೆ, ಕೆಲವೊಮ್ಮೆ ಹೊರೆ ಹಿಡಿದು ಅಲುಗಾಡದೆ ನಿಂತಿರುತ್ತದೆ. ಹೀಗಾಗಿ ತೋಳಿಗೆ ಎಷ್ಟು ವಾಟಿನ ಮೋಟಾರು ಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದನ್ನು ಮೂರು ಪ್ರಶ್ನೆಗಳಾಗಿ ಒಡೆಯಬೇಕು: ಹೊರೆ ಎಷ್ಟು ದೂರದಲ್ಲಿದೆ, ಅದನ್ನು ಎಷ್ಟು ಬೇಗ ಸಾಗಿಸಬೇಕು, ಎಷ್ಟು ಹೊತ್ತು ಹಿಡಿದಿರಬೇಕು. ಮೊದಲನೆಯದು ಟಾರ್ಕನ್ನು ತೀರ್ಮಾನಿಸುತ್ತದೆ, ಎರಡನೆಯದು ವಾಟನ್ನು, ಮೂರನೆಯದು ಮೋಟಾರಿನ ಆಯುಸ್ಸನ್ನು. ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕೊನೆಯಲ್ಲಿ ಮೋಟಾರಿನ ಆಯ್ಕೆ ಬರಬೇಕು, ಮೊದಲಲ್ಲ ಎಂಬುದು ಈ ಅಧ್ಯಾಯದ ವಾದ.

ಲೆಕ್ಕಕ್ಕೆ ಒಂದು ತೋಳನ್ನು ಕಲ್ಪಿಸಿಕೊಳ್ಳೋಣ. ಮುಲುಂಡಿನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಇಕ್ಕೆಲಗಳಲ್ಲಿ ಒಂದು ಕಾಲಕ್ಕೆ ಕಾರ್ಖಾನೆಗಳದ್ದೇ ಸಾಲು. ಎಷ್ಟೋ ಜಾಗಗಳಲ್ಲಿ ಈಗ ಮಾಲ್‌ಗಳೂ ಟವರ್‌ಗಳೂ ಎದ್ದಿವೆ. ಆದರೂ ಮುಂಬಯಿಯವರು ಗಾಳಾ ಎಂದು ಕರೆಯುವ ಸಣ್ಣ ಸಣ್ಣ ಕೈಗಾರಿಕಾ ಕೊಠಡಿಗಳಲ್ಲಿ ಪ್ಯಾಕಿಂಗ್, ಜೋಡಣೆಯಂಥ ಕೆಲಸಗಳು ನಡೆಯುತ್ತವೆ. ಅಂಥ ಒಂದು ಕೊಠಡಿಯಲ್ಲಿ ಅರ್ಧ ಕಿಲೋ ತೂಕದ ಪೊಟ್ಟಣವನ್ನು ಮೇಜಿನಿಂದ ಎತ್ತಿ ಪೆಟ್ಟಿಗೆಗೆ ಇಡುವ ತೋಳು ಬೇಕಾಗಿದೆ ಎನ್ನೋಣ. ಭುಜದಿಂದ ಮೊಣಕೈವರೆಗೆ 30 ಸೆಂಟಿಮೀಟರ್, ತೂಕ 600 ಗ್ರಾಂ. ಮೊಣಕೈಯಿಂದ ತುದಿವರೆಗೆ 25 ಸೆಂಟಿಮೀಟರ್, ತೂಕ 400 ಗ್ರಾಂ. ಮೊಣಕೈಯಲ್ಲಿ ಕೂತ ಮೋಟಾರು 400 ಗ್ರಾಂ. ತುದಿಯಲ್ಲಿ ಹಿಡಿಯುವ ಇಕ್ಕುಳ 300 ಗ್ರಾಂ, ಅದು ಹಿಡಿದ ಪೊಟ್ಟಣ 500 ಗ್ರಾಂ. ಭುಜದ ಮೋಟಾರಿಗೆ ಎಲ್ಲಕ್ಕಿಂತ ಕಷ್ಟದ ಭಂಗಿ ಯಾವುದು? ತೋಳು ನೆಲಕ್ಕೆ ಸಮಾನಾಂತರವಾಗಿ ಪೂರ್ತಿ ಚಾಚಿಕೊಂಡಾಗ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಊರಿನ ಇನ್ನೊಂದು ತುದಿಯವರೆಗೆ ನಡೆಯಬಲ್ಲವರೂ ಅದನ್ನು ಚಾಚಿದ ಕೈಯಲ್ಲಿ ಹಿಡಿದು ಹತ್ತು ಎಣಿಸಲಾರರು. ಹೊರೆ ಅದೇ, ಭುಜದಿಂದ ಅದರ ದೂರ ಬೇರೆ. ಟಾರ್ಕ್ ಎಂದರೆ ಬಲವನ್ನು ಈ ದೂರದಿಂದ ಗುಣಿಸಿದಾಗ ಬರುವ ಗುಣಲಬ್ಧ.

ಗುಣಿಸೋಣ. ಪೊಟ್ಟಣ ಮತ್ತು ಇಕ್ಕುಳ ಸೇರಿ 0.8 ಕಿಲೋ. ಗುರುತ್ವದ 9.8ರಿಂದ ಗುಣಿಸಿ, 0.55 ಮೀಟರ್ ದೂರದಿಂದ ಗುಣಿಸಿದರೆ 4.31 ನ್ಯೂಟನ್-ಮೀಟರ್. ಮುಂಗೈಯ ತೂಕ ಅದರ ನಡುಮಧ್ಯದಲ್ಲಿದೆ ಎಂದು ಹಿಡಿದರೆ ಭುಜದಿಂದ 0.425 ಮೀಟರ್, ಅದರ ಪಾಲು 1.67. ಮೊಣಕೈಯ ಮೋಟಾರು 0.30 ಮೀಟರ್ ದೂರದಲ್ಲಿದ್ದು 1.18 ಸೇರಿಸುತ್ತದೆ. ಮೇಲ್ತೋಳಿನ ಪಾಲು 0.88. ಎಲ್ಲ ಕೂಡಿದರೆ ಭುಜಕ್ಕೆ ಸುಮಾರು 8 ನ್ಯೂಟನ್-ಮೀಟರ್. ಮೊಣಕೈಗೆ ಇದೇ ರೀತಿ ಲೆಕ್ಕ ಹಾಕಿದರೆ ಸುಮಾರು 2.45. ಈ ಕೂಡುವಿಕೆಯೊಳಗೆ ಅಡಗಿರುವ ಒಂದು ಸಂಗತಿಯನ್ನು ಹೊರಗೆಳೆದು ನೋಡಬೇಕು. ನಾವು ಎತ್ತಬೇಕೆಂದಿದ್ದ ಪೊಟ್ಟಣ ಒಂದರ ಪಾಲು ಬರೀ 2.7 ನ್ಯೂಟನ್-ಮೀಟರ್, ಅಂದರೆ ಒಟ್ಟಿನ ಮೂರನೇ ಒಂದು. ಉಳಿದ ಎರಡು ಪಾಲನ್ನು ತೋಳು ತನ್ನನ್ನೇ ಹೊರಲು ಖರ್ಚು ಮಾಡುತ್ತಿದೆ. ಕೂಲಿಯಾಳು ತನ್ನ ಮೈಭಾರವನ್ನೇ ಹೆಚ್ಚಾಗಿ ಹೊತ್ತು, ಅದರ ಮೇಲೊಂದು ಚಿಕ್ಕ ಗಂಟನ್ನು ಇಟ್ಟುಕೊಂಡು ಹೊರಟ ಹಾಗೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಇಷ್ಟೆಲ್ಲ ಗುಣಾಕಾರ ಏಕೆ, ಬೇಕಾದ್ದಕ್ಕಿಂತ ದೊಡ್ಡ ಮೋಟಾರನ್ನೇ ಹಾಕಿಬಿಟ್ಟರಾಯಿತಲ್ಲ, ಎರಡರಷ್ಟು ಹಾಕಿದರೆ ಯಾವ ಚಿಂತೆಯೂ ಇಲ್ಲವಲ್ಲ ಎಂದು. ಎರಡರಷ್ಟು ಎನ್ನುವಾಗ ಯಾವುದರ ಎರಡರಷ್ಟು ಎಂದು ಕೇಳಬೇಕು. ಹೊರೆಯನ್ನು ಮಾತ್ರ ಲೆಕ್ಕ ಹಾಕಿದವರು 2.7ನ್ನು ಇಮ್ಮಡಿಸಿ 5.4ರ ಮೋಟಾರು ತರುತ್ತಾರೆ. 8 ಬೇಕಾದ ತೋಳು ಏಳುವುದೇ ಇಲ್ಲ. ತಿಳಿಯದ್ದನ್ನು ಎರಡರಿಂದ ಗುಣಿಸಿದರೆ ಅದು ತಿಳಿದಂತಾಗುವುದಿಲ್ಲ. ಇನ್ನೂ ದೊಡ್ಡ ತೊಡಕು ಬೇರೆ ಇದೆ. ಭುಜದ ಮೋಟಾರು ಮೇಜಿನ ಮೇಲೆ ಕೂತಿರುತ್ತದೆ, ಅದು ಎಷ್ಟು ಭಾರವಿದ್ದರೂ ನಡೆದೀತು. ಮೊಣಕೈಯ ಮೋಟಾರು ಹಾಗಲ್ಲ. ಅದು ಭುಜದ ಪಾಲಿಗೆ ಇನ್ನೊಂದು ಹೊರೆ. ಮೊಣಕೈಗೆ ಇಮ್ಮಡಿ ತೂಕದ ಮೋಟಾರು ಕೂರಿಸಿದರೆ ಭುಜಕ್ಕೆ ಮತ್ತೆ 1.18 ನ್ಯೂಟನ್-ಮೀಟರ್ ಏರುತ್ತದೆ, ಆ ತೂಕ ತಾಳಲು ಮೇಲ್ತೋಳು ದಪ್ಪವಾಗಬೇಕು, ದಪ್ಪವಾದ ತೋಳಿಗೆ ಭುಜದ ಮೋಟಾರು ಇನ್ನೂ ಬಲಿಯಬೇಕು. ತುದಿಗೆ ಸೇರಿಸಿದ ಒಂದೊಂದು ಗ್ರಾಮಿಗೂ ಹಿಂದಿನ ಎಲ್ಲ ಕೀಲುಗಳು ಬಡ್ಡಿ ಕಟ್ಟುತ್ತವೆ. ಈ ಬಡ್ಡಿ ಎಷ್ಟು ಬೆಳೆಯಬಲ್ಲದು ಎಂಬುದಕ್ಕೆ ಕೆನಡಾ ದೇಶ ಅಮೆರಿಕದ ಬಾಹ್ಯಾಕಾಶ ಷಟಲ್‌ಗೆ ಕಟ್ಟಿಕೊಟ್ಟ ಕೆನಡಾರ್ಮ್ ಸಾಕ್ಷಿ. ಅದು 15 ಮೀಟರ್ ಉದ್ದದ, ಸುಮಾರು 410 ಕಿಲೋ ತೂಕದ ತೋಳು. 1981ರಲ್ಲಿ ಮೊದಲ ಬಾರಿ ಹಾರಿತು, ಕಕ್ಷೆಯಲ್ಲಿ ದೈತ್ಯ ಉಪಗ್ರಹಗಳನ್ನು ಹಿಡಿದು ಸರಿಸಿತು. ಆದರೆ ಭೂಮಿಯ ಮೇಲೆ ಅದಕ್ಕೆ ತನ್ನ ತೂಕವನ್ನೇ ಎತ್ತಲಾಗುತ್ತಿರಲಿಲ್ಲ. ನಮ್ಮ ಇಸ್ರೋ 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರಲ್ಲಿ ಕಳಿಸಿದ ಏಳು ಕೀಲುಗಳ ನಡೆಯುವ ತೋಳಿಗೂ ಕಕ್ಷೆಯಲ್ಲಿ ಈ ಗುರುತ್ವದ ಸಾಲವಿಲ್ಲ. ನೆಲದ ಮೇಲಿನ ತೋಳಿಗೆ ಮಾತ್ರ ಸಾಲ ತಪ್ಪಿದ್ದಲ್ಲ.

ಇಲ್ಲಿಯವರೆಗಿನ ಲೆಕ್ಕದಲ್ಲಿ ಗಡಿಯಾರವೇ ಬಂದಿಲ್ಲ. 8 ನ್ಯೂಟನ್-ಮೀಟರ್ ಎನ್ನುವುದು ತೋಳನ್ನು ಸುಮ್ಮನೆ ಹಿಡಿದಿರಲು ಬೇಕಾದದ್ದು. ಆಗ ವೇಗ ಸೊನ್ನೆ, ಯಾಂತ್ರಿಕ ಸಾಮರ್ಥ್ಯವೂ ಸೊನ್ನೆ ವಾಟ್. ಇದು ಮುಲುಂಡ್ ಸ್ಟೇಷನ್ನಿನಿಂದ ಹೊರಡುವ ಲೋಕಲ್ ರೈಲಿನ ಕಥೆಯೂ ಹೌದು. ತುಂಬಿ ತುಳುಕುವ ಬೋಗಿಗಳನ್ನು ನಿಂತಲ್ಲಿಂದ ಕದಲಿಸುವ ಆ ಕ್ಷಣದಲ್ಲಿ ಮೋಟಾರುಗಳು ಅತಿ ಹೆಚ್ಚಿನ ಟಾರ್ಕ್ ಕೊಡುತ್ತಿರುತ್ತವೆ, ಆದರೆ ಗಾಲಿ ಇನ್ನೂ ತಿರುಗದ ಕಾರಣ ವಾಟ್ ಸೊನ್ನೆ. ರೈಲು ವೇಗ ಹಿಡಿದಂತೆಲ್ಲ ವಾಟ್ ಏರುತ್ತದೆ. ನಮ್ಮ ತೋಳಿಗೂ ಈಗ ವೇಗ ಕೊಡೋಣ. ಚಾಚಿದ ತೋಳು ಕೆಳಗಿನ 45 ಡಿಗ್ರಿಯಿಂದ ಮೇಲಿನ 45 ಡಿಗ್ರಿಗೆ, ಒಟ್ಟು 90 ಡಿಗ್ರಿಯನ್ನು, ಒಂದು ಸೆಕೆಂಡಿನಲ್ಲಿ ದಾಟಬೇಕು. ಮೊದಲ ಅರ್ಧ ಸೆಕೆಂಡು ವೇಗ ಹೆಚ್ಚಿಸುತ್ತ, ಉಳಿದರ್ಧ ಇಳಿಸುತ್ತ ಸಾಗಿದರೆ ನಡುವೆ ಅದರ ವೇಗ ಸೆಕೆಂಡಿಗೆ 3.14 ರೇಡಿಯನ್, ವೇಗೋತ್ಕರ್ಷ ಅದರ ಇಮ್ಮಡಿ. ಹೀಗೆ ವೇಗ ಹೆಚ್ಚಿಸಲು ಬೇಕಾದ ಟಾರ್ಕ್ ತೋಳಿನ ತಿರುಗುವ ಜಡತ್ವವನ್ನು ಅವಲಂಬಿಸಿದೆ. ಪ್ರತಿ ಭಾಗದ ತೂಕವನ್ನು ಅದರ ದೂರದ ವರ್ಗದಿಂದ ಗುಣಿಸಿ ಕೂಡಿದರೆ ಈ ಜಡತ್ವ ಸಿಗುತ್ತದೆ. ನಮ್ಮ ತೋಳಿಗೆ ಅದು 0.37. ವೇಗೋತ್ಕರ್ಷದಿಂದ ಗುಣಿಸಿದರೆ 2.3 ನ್ಯೂಟನ್-ಮೀಟರ್. ಗುರುತ್ವದ 8ಕ್ಕೆ ಸೇರಿ ಒಟ್ಟು 10.4, ಹೆಚ್ಚುಕಡಿಮೆ ಗ್ರೈಂಡರಿನ ಪಾತ್ರೆ ತಿರುಗಿಸುವಷ್ಟೇ. ತೋಳು ನಡುವಿಗೆ ಬರುವ ಹೊತ್ತಿಗೆ ಸಾಮರ್ಥ್ಯ ಸುಮಾರು 33 ವಾಟ್.

ಈಗ ಕೊಠಡಿಯ ಯಜಮಾನರಿಗೆ ಅವಸರ, ಅದೇ ಚಲನೆ ಅರ್ಧ ಸೆಕೆಂಡಿನಲ್ಲಿ ಮುಗಿಯಬೇಕು ಎನ್ನುತ್ತಾರೆ ಎಂದುಕೊಳ್ಳಿ. ವೇಗ ಇಮ್ಮಡಿಯಾಗುತ್ತದೆ, ವೇಗೋತ್ಕರ್ಷ ನಾಲ್ಕು ಪಟ್ಟಾಗುತ್ತದೆ. ಜಡತ್ವದ ಪಾಲು 2.3ರಿಂದ 9.3ಕ್ಕೆ ಹಾರಿ ಗುರುತ್ವದ ಪಾಲನ್ನೇ ಮೀರುತ್ತದೆ. ಒಟ್ಟು ಟಾರ್ಕ್ 17.3, ಸಾಮರ್ಥ್ಯ ಸುಮಾರು 109 ವಾಟ್. ಸಮಯವನ್ನು ಅರ್ಧಕ್ಕಿಳಿಸಿದ್ದಕ್ಕೆ ತೆತ್ತ ಬೆಲೆ ಮೂರು ಪಟ್ಟಿಗೂ ಹೆಚ್ಚು ವಾಟ್. ಎಚ್ಚರಿಕೆಯಿಂದ 8ನ್ನು ಲೆಕ್ಕ ಹಾಕಿ, ಅದನ್ನು ಇಮ್ಮಡಿಸಿ 16ರ ಮೋಟಾರು ತಂದವರೂ ಇಲ್ಲಿ ಸೋಲುತ್ತಾರೆ. ಒಂದೇ ತೋಳು, ಒಂದೇ ಪೊಟ್ಟಣ, ಆದರೆ ವಾಟ್ ಒಮ್ಮೆ ಸೊನ್ನೆ, ಒಮ್ಮೆ 33, ಒಮ್ಮೆ 109. ಎಷ್ಟು ವಾಟ್ ಎಂಬ ಪ್ರಶ್ನೆ ವಾಸ್ತವದಲ್ಲಿ ಎಷ್ಟು ಅವಸರ ಎಂಬ ಪ್ರಶ್ನೆ. ಆದ್ದರಿಂದ ಅವಸರ ನಿಜಕ್ಕೂ ಬೇಕೇ ಎಂದು ಕೇಳುವುದೂ ಎಂಜಿನಿಯರಿಂಗಿನ ಭಾಗವೇ. ಮುಂದಿನ ಪೊಟ್ಟಣ ಎರಡು ಸೆಕೆಂಡಿಗೊಮ್ಮೆ ಮಾತ್ರ ಬರುವುದಾದರೆ ಅರ್ಧ ಸೆಕೆಂಡಿನಲ್ಲಿ ಹಾರಿ ಹೋಗಿ ಕಾಯುವ ತೋಳು ದುಡ್ಡನ್ನೂ ವಿದ್ಯುತ್ತನ್ನೂ ಸುಮ್ಮನೆ ಸುಡುತ್ತಿರುತ್ತದೆ.

ಎರಡನೆಯ ಆಕ್ಷೇಪ ಗಿಯರಿನದು. ಗಿಯರು ಟಾರ್ಕನ್ನು ಎಷ್ಟು ಪಟ್ಟು ಬೇಕಾದರೂ ಹೆಚ್ಚಿಸಬಲ್ಲದು, ಆದ್ದರಿಂದ ಟಾರ್ಕ್ ಒಂದು ಸಮಸ್ಯೆಯೇ ಅಲ್ಲ ಎನ್ನುವವರಿದ್ದಾರೆ. ಅರ್ಧ ಸತ್ಯವಿದು. ಚಿಕ್ಕ ಮೋಟಾರುಗಳು ವೇಗವಾಗಿ ತಿರುಗಬಲ್ಲವು, ಬಲವಾಗಿ ಅಲ್ಲ; ಗಿಯರು ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರ. ಕೊಳ್ಳುವುದಕ್ಕೆ ಕೈಯಲ್ಲಿ ವೇಗ ಇರಬೇಕಲ್ಲ! 24 ವೋಲ್ಟಿನ, ಒಂದು ಆಂಪಿಯರಿಗೆ 0.05 ನ್ಯೂಟನ್-ಮೀಟರ್ ಟಾರ್ಕ್ ಕೊಡುವ, 0.6 ಓಮ್ ರೋಧದ ಮೋಟಾರೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹೊರೆಯಿಲ್ಲದೆ ಅದು ನಿಮಿಷಕ್ಕೆ ಸುಮಾರು 4,600 ಸುತ್ತು ತಿರುಗಬಲ್ಲದು. 80:1 ಗಿಯರು ಹಾಕಿದರೆ ಒಂದು ಸೆಕೆಂಡಿನ ಚಲನೆಗೆ 2,400 ಸುತ್ತಿನ ವೇಗ ಬೇಕು. ಗಿಯರಿನ ದಕ್ಷತೆ ಶೇ. 70 ಎಂದು ಹಿಡಿದರೆ ಸುಮಾರು 3.7 ಆಂಪಿಯರ್ ಬೇಕು. ಎರಡೂ ನಿಲುಕುವಂಥವು. ಅರ್ಧ ಸೆಕೆಂಡಿನ ಚಲನೆಗೆ 4,800 ಸುತ್ತು ಬೇಕು, ಅಲ್ಲಿಗೆ ಈ ಮೋಟಾರು ಮುಟ್ಟುವುದೇ ಇಲ್ಲ. ಗಿಯರನ್ನು 40:1ಕ್ಕೆ ಇಳಿಸಿದರೆ ವೇಗ ನಿಲುಕುತ್ತದೆ, ಆದರೆ ಕರೆಂಟು 12.4 ಆಂಪಿಯರಿಗೆ ಏರುತ್ತದೆ. ಇದಲ್ಲದೆ ಮೋಟಾರಿನ ಒಳಗೆ ತಿರುಗುವ ರೋಟರಿನ ಪುಟ್ಟ ಜಡತ್ವ ಗಿಯರಿನ ಆಚೆ ಬದಿಯಲ್ಲಿ ಅನುಪಾತದ ವರ್ಗದಷ್ಟು ಹಿಗ್ಗಿ ಕಾಣುತ್ತದೆ. ಕಿಲೋಗ್ರಾಮ್-ಚದರ ಮೀಟರಿನ ಲೆಕ್ಕದಲ್ಲಿ ಬರೀ 0.00001 ಜಡತ್ವವಿರುವ ರೋಟರ್ 80:1 ಗಿಯರಿನ ಹಿಂದಿದ್ದರೆ ತೋಳಿಗೆ 0.064ರಷ್ಟು ಅನ್ನಿಸುತ್ತದೆ, ನಮ್ಮ ತೋಳಿನ ಇಡೀ ಜಡತ್ವದ ಆರನೇ ಒಂದು ಪಾಲು. ಹಲ್ಲುಗಳ ನಡುವಿನ ಸಡಿಲ ತೋಳಿನ ತುದಿಗೆ ಬರುವಷ್ಟರಲ್ಲಿ ಮಿಲಿಮೀಟರುಗಳ ಅಲುಗಾಟವಾಗುತ್ತದೆ. ಈ ಸಡಿಲವನ್ನು ಬಹುಪಾಲು ನೀಗಿಸಿದ ಹಾರ್ಮಾನಿಕ್ ಡ್ರೈವ್ ಎಂಬ ಗಿಯರನ್ನು ಸಿ. ವಾಲ್ಟನ್ ಮಸ್ಸರ್ 1950ರ ದಶಕದಲ್ಲಿ ಕಂಡುಹಿಡಿದರು, ಇಂದಿನ ಎಷ್ಟೋ ರೋಬಾಟ್ ತೋಳುಗಳ ಕೀಲಿನಲ್ಲಿರುವುದು ಅದೇ. ಆದರೂ ಅದು ಬಲವನ್ನು ಪುಕ್ಕಟೆ ಕೊಡುವುದಿಲ್ಲ.

ಮೂರನೆಯ ಪ್ರಶ್ನೆ, ಎಷ್ಟು ಹೊತ್ತು ಎಂಬುದು, ಶಾಲೆಯ ಭೌತಶಾಸ್ತ್ರಕ್ಕೇ ಎದುರು ನಿಂತಂತೆ ಕಾಣುತ್ತದೆ. ವಸ್ತು ಕದಲದಿದ್ದರೆ ಕೆಲಸ ನಡೆದಿಲ್ಲ ಎಂದು ಅಲ್ಲಿ ಕಲಿತಿದ್ದೇವೆ. ಹಾಗಿದ್ದರೆ ಪೊಟ್ಟಣ ಹಿಡಿದು ನಿಂತ ತೋಳಿನ ಮೋಟಾರು ಬಿಸಿಯಾಗುವುದೇಕೆ? ಪೊಟ್ಟಣದ ಮೇಲೆ ಕೆಲಸ ನಡೆಯುತ್ತಿಲ್ಲ ಎಂಬುದು ನಿಜ. ಮೋಟಾರು ಟಾರ್ಕ್ ಕೊಡುವುದು ಸುರುಳಿಯಲ್ಲಿ ಕರೆಂಟು ಹರಿಸಿ, ಆ ಕರೆಂಟಿನ ಶಕ್ತಿ ತಂತಿಯ ರೋಧದಲ್ಲಿ ಶಾಖವಾಗಿ ಕರಗುತ್ತದೆ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಗಿಯರಿನ ತಿಕ್ಕಾಟವನ್ನು ಬದಿಗಿಟ್ಟರೆ 80:1 ಗಿಯರಿನ ಹಿಂದೆ ನಿಂತು 8 ನ್ಯೂಟನ್-ಮೀಟರ್ ಹಿಡಿಯಲು 2 ಆಂಪಿಯರ್ ಸಾಕು, ಶಾಖ 2.4 ವಾಟ್. ಗಿಯರು 40:1 ಆದರೆ 4 ಆಂಪಿಯರ್, ಶಾಖ ನಾಲ್ಕು ಪಟ್ಟು. ಚಲನೆಯ ತುತ್ತತುದಿಯ ಕ್ಷಣಗಳನ್ನು ಹೋಲಿಸಿದರೆ ಒಂದು ಸೆಕೆಂಡಿನ ನಡೆಯಲ್ಲಿ 8 ವಾಟಿನಷ್ಟಿದ್ದ ಶಾಖ ಅರ್ಧ ಸೆಕೆಂಡಿನ ನಡೆಯಲ್ಲಿ 92 ವಾಟ್ ಆಗುತ್ತದೆ. ಕ್ಷಣಮಾತ್ರದ ಶಾಖವನ್ನು ಮೋಟಾರು ನುಂಗಿಕೊಳ್ಳುತ್ತದೆ. ದಿನವಿಡೀ ಅದೇ ನಡೆದರೆ ನುಂಗಿದ್ದು ಕಕ್ಕಲೇಬೇಕು. ಮೋಟಾರು ದಣಿವಿನಿಂದ ಸಾಯುವುದಿಲ್ಲ, ಸುರುಳಿಯ ಮೇಲಿನ ನಿರೋಧಕ ಹೊದಿಕೆ ಸುಟ್ಟು ಸಾಯುತ್ತದೆ. ಕೈಗಾರಿಕೆಯ ಮೋಟಾರುಗಳ ಮಾನದಂಡ ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮೀರುವುದಿಲ್ಲ ಎಂಬ ಎಣಿಕೆಯ ಮೇಲೆ ನಿಂತಿದೆ. ಮೇ ತಿಂಗಳಲ್ಲಿ ತಗಡಿನ ಸೂರಿನಡಿ, ಗಾಳಿಯಾಡದ ಗಾಳಾದೊಳಗೆ ಆ ಎಣಿಕೆ ತಪ್ಪಬಹುದು. ಕಾರ್ಖಾನೆಯ ರೋಬಾಟುಗಳ ಕೀಲುಗಳಲ್ಲಿ ಬ್ರೇಕ್ ಇರುತ್ತದೆ. ವಿದ್ಯುತ್ ಹೋದಾಗ ತೋಳು ಕುಸಿಯದಂತೆ ಹಿಡಿಯುವ ಅದೇ ಬ್ರೇಕು, ದೀರ್ಘ ಕಾಲ ನಿಲ್ಲಬೇಕಾದಾಗ ಮೋಟಾರಿನ ಹೊರೆಯನ್ನೂ ಇಳಿಸುತ್ತದೆ.

ಅಂಗಡಿಯ ಚೀಟಿಗಳನ್ನು ಓದುವಾಗಲೂ ಈ ಮೂರು ಪ್ರಶ್ನೆ ಕೈಯಲ್ಲಿರಬೇಕು. ಮುಂಬಯಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಡಿಭಾಗಗಳಿಗಾಗಿ ಹೋಗುವ ಲ್ಯಾಮಿಂಗ್ಟನ್ ರೋಡಿನಲ್ಲಿ ಪುಟ್ಟ ಸರ್ವೋ ಮೋಟಾರುಗಳು ಸಿಗುತ್ತವೆ. ಅವುಗಳ ಟಾರ್ಕನ್ನು ಕೆಜಿ-ಸೆಂಟಿಮೀಟರಿನಲ್ಲಿ ಬರೆದಿರುತ್ತಾರೆ. ನಮ್ಮ ಭುಜದ 8 ನ್ಯೂಟನ್-ಮೀಟರ್ ಆ ಭಾಷೆಯಲ್ಲಿ 82, ಮೊಣಕೈಯ 2.45 ಅಲ್ಲಿ 25. ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಎಂಜಿ996ಆರ್ ಸರ್ವೋದ ಮೇಲಿನ ಅಂಕಿ 6 ವೋಲ್ಟಿನಲ್ಲಿ ಸುಮಾರು 11. ನಮ್ಮ ಮೊಣಕೈಗೇ ಅದು ಸಾಲದು. ಜೊತೆಗೆ ಆ 11 ಎನ್ನುವುದು ಸ್ಥಗಿತ ಟಾರ್ಕ್, ಅಂದರೆ ಅಕ್ಷ ತಿರುಗಲಾರದೆ ನಿಂತಾಗ, ಕರೆಂಟು ಶಿಖರ ಮುಟ್ಟಿದಾಗ ಬರುವ ಬಲ. ತಿರುಗುತ್ತಿರುವಾಗ ಅಷ್ಟು ಸಿಗುವುದಿಲ್ಲ, ನಿಂತಿರುವಾಗಲೂ ಅದನ್ನು ಬಹಳ ಹೊತ್ತು ಬೇಡುವಂತಿಲ್ಲ. ಆದ್ದರಿಂದ ಆ ಅಂಕಿಯ ಮೂರನೇ ಒಂದು ಪಾಲನ್ನಷ್ಟೇ ನಂಬಿ ತೋಳನ್ನು ರೂಪಿಸುವುದು ಕ್ಷೇಮ.

ಮೋಟಾರನ್ನು ಕೊನೆಗೆ ಇಡಬೇಕು ಎಂಬ ವಾದಕ್ಕೆ ಅತ್ಯುತ್ತಮ ಪುರಾವೆ ಮುಲುಂಡಿನ ದಕ್ಷಿಣಕ್ಕೆ, ಥಾಣೆ ಖಾರಿಯ ದಂಡೆಯಲ್ಲಿ ಇದೆ. ತ್ರಾಂಬೆಯಲ್ಲಿ 1954ರಲ್ಲಿ ಶುರುವಾದ ಅಣುಶಕ್ತಿ ಸಂಸ್ಥೆಗೆ 1967ರಲ್ಲಿ ಭಾಭಾ ಅವರ ಹೆಸರಿಟ್ಟರು. ಅಲ್ಲಿನ ವಿಕಿರಣ ಸೂಸುವ ವಸ್ತುಗಳನ್ನು ಮನುಷ್ಯರ ಕೈ ಮುಟ್ಟುವಂತಿಲ್ಲ. ಅವನ್ನು ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿಟ್ಟು, ಸೀಸದ ಗಾಜಿನ ಕಿಟಕಿಯಿಂದ ನೋಡುತ್ತ, ಗೋಡೆಯಾಚೆಯ ಕೃತಕ ತೋಳಿನಿಂದ ಹಿಡಿಯಬೇಕು. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗರ್ಟ್ಸ್ 1940ರ ದಶಕದ ಕೊನೆಯಲ್ಲಿ ಕಟ್ಟಿದಂಥ ಜೋಡಿ ತೋಳುಗಳನ್ನು ತ್ರಾಂಬೆಯ ಎಂಜಿನಿಯರುಗಳು ಇಲ್ಲಿಯೇ ರೂಪಿಸಿ ತಯಾರಿಸಿದರು. ಈ ತೋಳುಗಳ ಯಾಂತ್ರಿಕ ಮಾದರಿಯಲ್ಲಿ ಮೋಟಾರೇ ಇಲ್ಲ. ಹೊರಗೆ ನಿಂತವರ ಕೈಚಲನೆ ಉಕ್ಕಿನ ಪಟ್ಟಿಗಳ, ತಂತಿಹಗ್ಗಗಳ ಮೂಲಕ ಗೋಡೆ ದಾಟಿ ಒಳಗಿನ ತೋಳನ್ನು ಆಡಿಸುತ್ತದೆ. ಇಲ್ಲಿ ಮೋಟಾರು ಎಂದರೆ ಮನುಷ್ಯನ ಭುಜ, ಅದನ್ನು ಬಿಚ್ಚಿ ದೊಡ್ಡದೊಂದನ್ನು ಹಾಕುವಂತಿಲ್ಲ. ದೊಡ್ಡ ಮೋಟಾರಿನ ದಾರಿ ಮುಚ್ಚಿದ್ದರಿಂದಲೇ ವಿನ್ಯಾಸಕಾರರು ಸರಿದಾರಿ ಹಿಡಿಯಬೇಕಾಯಿತು: ತೋಳಿನ ಸ್ವಂತ ತೂಕವನ್ನು ಪ್ರತಿಭಾರಗಳಿಂದ ಸರಿದೂಗಿಸಿದರು, ತಿಕ್ಕಾಟವನ್ನು ಕನಿಷ್ಠಕ್ಕೆ ಇಳಿಸಿದರು. ಹಾಗೆ ಮಾಡದಿದ್ದರೆ ಕೆಲಸಗಾರ ನಿಮಿಷಗಳಲ್ಲಿ ದಣಿಯುತ್ತಿದ್ದ. ಅದಕ್ಕಿಂತ ಮುಖ್ಯವಾಗಿ, ಇಕ್ಕುಳ ಗಾಜಿನ ಸೀಸೆಯನ್ನು ಮೆಲ್ಲಗೆ ಮುಟ್ಟಿದೆಯೋ ಅದುಮುತ್ತಿದೆಯೋ ಎಂಬುದು ಅವನ ಬೆರಳಿಗೆ ತಿಳಿಯುತ್ತಿರಲಿಲ್ಲ. ಗರ್ಟ್ಸ್ 1954ರಲ್ಲಿ ವಿದ್ಯುತ್ ಮೋಟಾರಿನ ಜೋಡಿ ತೋಳು ಮಾಡಿದಾಗಲೂ ಈ ಸ್ಪರ್ಶ ಉಳಿಸಿಕೊಳ್ಳುವುದೇ ಸವಾಲಾಗಿತ್ತು. ದೊಡ್ಡ ಅನುಪಾತದ ಗಿಯರು ಬಲವನ್ನು ಹೆಚ್ಚಿಸುವಾಗಲೇ ತೋಳನ್ನು ಮರಗಟ್ಟಿಸುತ್ತದೆ, ತುದಿಯಲ್ಲಿ ಏನಾಗುತ್ತಿದೆ ಎಂಬ ಸುದ್ದಿ ಹಿಂದಕ್ಕೆ ಬರಲು ಬಿಡುವುದಿಲ್ಲ.

ಪ್ರತಿಭಾರದ ಈ ಉಪಾಯ ನಮಗೆ ಹೊಸದಲ್ಲ. ನಮ್ಮ ಬಾವಿಗಳ ಏತ ಇದೇ ಲೆಕ್ಕದ ಮೇಲೆ ನಿಂತಿತ್ತು. ಉದ್ದ ಮರದ ಒಂದು ತುದಿಗೆ ನೀರೆತ್ತುವ ಪಾತ್ರೆ, ಇನ್ನೊಂದು ತುದಿಗೆ ಕಲ್ಲಿನ ಭಾರ. ಮುಲುಂಡಿನ ಟವರ್‌ಗಳ ಲಿಫ್ಟುಗಳೂ ಏತದ ಮೊಮ್ಮಕ್ಕಳೇ. ಖಾಲಿ ಲಿಫ್ಟಿನ ತೂಕಕ್ಕೆ, ಅದು ಹೊರಬಲ್ಲ ಹೊರೆಯ ಶೇಕಡಾ 40ರಿಂದ 50ನ್ನು ಸೇರಿಸಿದಷ್ಟು ಪ್ರತಿಭಾರ ಹಗ್ಗದ ಇನ್ನೊಂದು ತುದಿಯಲ್ಲಿ ತೂಗುತ್ತಿರುತ್ತದೆ. ಹಾಗಾಗಿ ಮೋಟಾರು ಎಂದೂ ಪೂರ್ತಿ ಹೊರೆ ಎತ್ತುವುದಿಲ್ಲ. ಪ್ರತಿಭಾರವೂ ಒಂದು ತೂಕವೇ, ಅದು ಜಡತ್ವವನ್ನು ಹೆಚ್ಚಿಸುವುದಿಲ್ಲವೇ ಎಂಬ ಆಕ್ಷೇಪ ಸರಿಯಾದದ್ದು. ನಿಧಾನವಾಗಿ ಏಳುವ ಏತಕ್ಕೆ ಅದು ಬಾಧಕವಲ್ಲ, ಚುರುಕಾಗಿ ತಿರುಗಬೇಕಾದ ತೋಳಿಗೆ ಬಾಧಕ. ಅಲ್ಲಿ ಸ್ಪ್ರಿಂಗ್ ನೆರವಿಗೆ ಬರುತ್ತದೆ. ಇಂಗ್ಲೆಂಡಿನ ಜಾರ್ಜ್ ಕಾರ್ವರ್‌ಡೈನ್ 1930ರ ದಶಕದಲ್ಲಿ ರೂಪಿಸಿದ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ಮೇಜಿನ ದೀಪದ ಗುಟ್ಟು ಅದರ ಸ್ಪ್ರಿಂಗುಗಳಲ್ಲಿದೆ. ಇನ್ನೊಂದು ದಾರಿಯನ್ನು ಜಪಾನಿನ ಯಾಮಾನಾಶಿ ವಿಶ್ವವಿದ್ಯಾಲಯದ ಹಿರೋಶಿ ಮಾಕಿನೊ 1970ರ ದಶಕದ ಕೊನೆಯಲ್ಲಿ ತೋರಿಸಿದರು. ಅವರ ಸ್ಕಾರಾ ತೋಳಿನ ಭುಜ, ಮೊಣಕೈಗಳು ಬಾಗಿಲ ತಿರುಗಣಿಯಂತೆ ನೆಟ್ಟಗಿನ ಅಕ್ಷದ ಸುತ್ತ ತಿರುಗುತ್ತವೆ. ತೂಕವನ್ನು ತಿರುಗಣಿಯ ಬೇರಿಂಗುಗಳು ಹೊರುತ್ತವೆ, ಮೋಟಾರಿಗೆ ಉಳಿಯುವುದು ಜಡತ್ವದ ಪಾಲು ಮಾತ್ರ. ಗುರುತ್ವವನ್ನು ಗೆಲ್ಲುವ ಬದಲು ಅದರ ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲುವ ಜಾಣತನ ಅದು.

ಈಗ ನಮ್ಮ ತೋಳಿಗೆ ಮರಳಿ, ಪೊಟ್ಟಣವನ್ನು ಮುಟ್ಟದೆ ಉಳಿದದ್ದನ್ನು ತಿದ್ದೋಣ. ಮೊಣಕೈಯ ಮೋಟಾರನ್ನು ಭುಜದ ಬಳಿಗೆ ತಂದು ಬೆಲ್ಟಿನಿಂದ ಮೊಣಕೈಯನ್ನು ಆಡಿಸಿದರೆ 8.04 ಇದ್ದದ್ದು 6.86ಕ್ಕೆ ಇಳಿಯುತ್ತದೆ. ಇಕ್ಕುಳದಿಂದ 100 ಗ್ರಾಂ ಕೆತ್ತಿದರೆ 6.32. ಮೇಜನ್ನು ಹತ್ತು ಸೆಂಟಿಮೀಟರ್ ಹತ್ತಿರಕ್ಕೆ ಎಳೆದು ಮುಂಗೈಯನ್ನು ಅಷ್ಟೇ ಮೊಟಕುಗೊಳಿಸಿದರೆ 4.85. ಇದರಲ್ಲಿ ಪೊಟ್ಟಣದ ಪಾಲು 2.2, ತೋಳಿನ ಸ್ವಂತ ಪಾಲು 2.65. ಲಿಫ್ಟಿನವರ ಸೂತ್ರ ಹಿಡಿದು ತೋಳಿನ ಸ್ವಂತ ಪಾಲನ್ನೂ ಪೊಟ್ಟಣದ ಅರ್ಧವನ್ನೂ ಸ್ಪ್ರಿಂಗಿಗೆ ಒಪ್ಪಿಸಿದರೆ ಮೋಟಾರಿಗೆ ಉಳಿಯುವುದು 1.1 ನ್ಯೂಟನ್-ಮೀಟರ್: ಪೊಟ್ಟಣವಿದ್ದಾಗ ಮೇಲಕ್ಕೆ, ಇಲ್ಲದಾಗ ಕೆಳಕ್ಕೆ. ಎಲ್ಲ ಭಂಗಿಗಳಲ್ಲೂ ಸ್ಪ್ರಿಂಗ್ ಇಷ್ಟೇ ಚೆನ್ನಾಗಿ ತೂಗುವಂತೆ ಮಾಡುವುದು ಸುಲಭವಲ್ಲ, ಜಡತ್ವದ ಪಾಲು ಇದರ ಮೇಲೆ ಸೇರುತ್ತದೆ. ಅಷ್ಟನ್ನು ಒಪ್ಪಿಕೊಂಡರೂ ನಿಂತ ತೋಳಿನ ಹೊರೆ 8ರಿಂದ 1ರ ಹತ್ತಿರಕ್ಕೆ ಬಂದಿದೆ, ಮೋಟಾರಿನ ಮಾತನ್ನೇ ಇನ್ನೂ ಎತ್ತಿಲ್ಲ.

ಇದೆಲ್ಲವನ್ನೂ ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ, ಕೈಲೆಕ್ಕದ ಕಾಲ ಮುಗಿಯಿತು ಎಂಬುದು ಕೊನೆಯ ಆಕ್ಷೇಪ. ಸಿಮ್ಯುಲೇಶನ್ ಬೇಕು, ಸಂದೇಹವಿಲ್ಲ. ಪ್ರತಿ ಕ್ಷಣದ, ಪ್ರತಿ ಕೀಲಿನ ಟಾರ್ಕನ್ನು ಅದು ಕೈಲೆಕ್ಕಕ್ಕಿಂತ ಎಷ್ಟೋ ನಿಖರವಾಗಿ ಹೇಳುತ್ತದೆ. ಆದರೆ ಅದು ನಾವು ಕೊಟ್ಟ ತೋಳಿನ ಲೆಕ್ಕವನ್ನಷ್ಟೇ ಹೇಳುತ್ತದೆ. ಮೇಜನ್ನು ಹತ್ತಿರಕ್ಕೆ ಎಳೆಯಬಹುದಲ್ಲ ಎಂದು ಹೊಳೆಯುವುದು, 8ರಲ್ಲಿ 2.7 ಮಾತ್ರ ಪೊಟ್ಟಣದ್ದು ಎಂಬುದನ್ನು ಕೂಡಿಸಿ ಕಂಡವರಿಗೆ. ಒಂದು ಕಾಗದ, ಒಂದು ಪೆನ್ನು, ಹತ್ತು ನಿಮಿಷದ ಈ ಲೆಕ್ಕ ಸಣ್ಣ ಗಾಳಾದವರ ದುಡ್ಡನ್ನು ಉಳಿಸುತ್ತದೆ, ವಿದ್ಯಾರ್ಥಿಯ ಮೊದಲ ತೋಳು ಮೇಜಿನ ಮೇಲೆ ಮುಗ್ಗರಿಸದಂತೆ ಕಾಯುತ್ತದೆ. ಬಾವಿಯ ಬಳಿ ಏತ ಕಟ್ಟಿದವರಿಗೆ ನ್ಯೂಟನ್-ಮೀಟರ್ ಎಂಬ ಮಾತು ಗೊತ್ತಿರಲಿಲ್ಲ. ಆದರೆ ಹಿಂದಿನ ತುದಿಗೆ ಎಷ್ಟು ಕಲ್ಲು ಕಟ್ಟಬೇಕೆಂಬುದನ್ನು, ನೀರೆತ್ತಲು ಆಳನ್ನು ಕರೆಯುವ ಮೊದಲೇ ಅವರು ತೂಗಿ ನೋಡಿರುತ್ತಿದ್ದರು.